ಬೀಜ ಇದೆ, ನೋಡ್ಕೊಳ್ಳೋರು ಯಾರು?

ನಮ್ಮ ಕಡೆ ಒಂದು ಅಲಿಖಿತ ಕಾನೂನಿದೆ. ಮನೆ ಮಕ್ಕಳಲ್ಲಿ ಯಾರಾದ್ರೂ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ ಅಂದ್ರೆ ಅವರಿಗೆ ಪ್ರಿಂಟರ್ ರಿಪೇರಿ ಬರಲೇಬೇಕು. ಮೂಡಿಗೆರೆಯಿಂದ ಕಳಸದವರೆಗೆ ಯಾವ ನೆಂಟರ ಮನೆಗೆ ಹೋದರೂ ಕಾಫಿ ಲೋಟ ಕೈಗೆ ಬರೋ ಮೊದಲು ಒಂದು ಕೆಟ್ಟುಹೋದ ವಸ್ತು ಎದುರಿಗೆ ಬರತ್ತೆ. ತೋಟದ ಸಿಸಿಟಿವಿ, ಮೊಬೈಲಿಂದ ಆನ್ ಆಗೋ ಪಂಪ್‌ಸೆಟ್ಟಿನ ಸ್ಟಾರ್ಟರ್, ದೊಡ್ಡಮ್ಮನ ವಾಟ್ಸಾಪ್. ನಾನು ಬರೆಯೋದು ಸರ್ವರುಗಳಿಗೆ ಬೇಕಾದ ಕೋಡು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಪ್ರಯೋಜನ ಇಲ್ಲ. "ಅಷ್ಟು ದೊಡ್ಡದು ಮಾಡೋರಿಗೆ ಇದೆಂಥ ಕಷ್ಟ ಮಾರಾಯ್ತಿ?" ಅಂತಾರೆ.

ಹಾಗಾಗಿ ಕಳೆದ ಅಕ್ಟೋಬರಿನಲ್ಲಿ ಅಪ್ಪ ಫೋನ್ ಮಾಡಿ, "ಪುಟ್ಟಿ, ನಮ್ಮ ಸಂಘದ ಕಂಪ್ಯೂಟರೆಲ್ಲ ಸತ್ತು ಹೋಗ್ತಾವಂತೆ, ಹೌದಾ?" ಅಂದಾಗ ಆಶ್ಚರ್ಯ ಏನೂ ಆಗಲಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತ್ತು. ಕಂಪ್ಯೂಟರ್ ಸಾಯಲ್ಲ, ಆದರೆ ಮಾಮೂಲಿ ಭದ್ರತಾ ಅಪ್‌ಡೇಟ್ ಬರೋದು ನಿಲ್ಲತ್ತೆ. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು, ಇತ್ತೀಚಿನ ಪ್ರೊಸೆಸರ್ ಎಲ್ಲ ಬೇಕು. ಸಂಘದ ಐದು ಕಂಪ್ಯೂಟರಲ್ಲಿ ಒಂದಕ್ಕೂ ಆ ಯೋಗ್ಯತೆ ಇರಲಿಲ್ಲ. ಪೇಟೆಯ ಅಂಗಡಿಯವರು ಐದು ಹೊಸ ಮಿಷಿನ್ನಿಗೆ ಕೊಟೇಶನ್ ಕೊಟ್ಟಿದ್ದರು. ಎರಡು ಲಕ್ಷ ದಾಟಿತ್ತು.

ಸಂಘ ಅಂದರೆ ದೊಡ್ಡದೇನಲ್ಲ. ಮೂಡಿಗೆರೆಗೂ ಕಳಸಕ್ಕೂ ನಡುವೆ ಸಣ್ಣ ಬೆಳೆಗಾರರೇ ಸೇರಿ ಮಾಡಿಕೊಂಡಿದ್ದು. ಗೊಬ್ಬರ, ಸುಣ್ಣ, ಬೋರ್ಡೋ ಹೊಡೆಯೋಕೆ ಮೈಲುತುತ್ತ, ಗೋಣಿಚೀಲ ಇವನ್ನೆಲ್ಲ ತರಿಸಿ ಸದಸ್ಯರಿಗೆ ಸಾಲದ ಮೇಲೆ ಕೊಡೋದು, ಕುಯ್ಲು ಮುಗಿದು ಕಾಫಿ ಮಾರಿದ ಮೇಲೆ ವಸೂಲಿ ಮಾಡೋದು. ಅಪ್ಪ ಅಲ್ಲಿ ಡೈರೆಕ್ಟರ್. ಲೆಕ್ಕಪತ್ರ ಎಲ್ಲ ನೋಡ್ಕೊಳ್ಳೋದು ಒಬ್ಬಳೇ ಒಬ್ಬ ಹುಡುಗಿ, ಕ್ಲರ್ಕು.

ನಾನು ಹೇಳಿದ್ದು ಇಷ್ಟೇ. ಹೊಸ ಕಂಪ್ಯೂಟರ್ ಬೇಡ. ಇರೋದಕ್ಕೇ ಲಿನಕ್ಸ್ ಹಾಕೋಣ, ಆಫೀಸ್ ಕೆಲಸಕ್ಕೆ ಲಿಬ್ರೆ ಆಫೀಸ್. ಎರಡೂ ಓಪನ್ ಸೋರ್ಸ್. ಖರ್ಚು ಸೊನ್ನೆ. ಎರಡು ಲಕ್ಷ ಉಳಿಯತ್ತೆ ಅಂದ್ರೆ ಬೆಳೆಗಾರರ ಸಭೆಯಲ್ಲಿ ಎರಡನೇ ಮಾತಿರಲ್ಲ ಅಂತ ನೀವು ಅಂದ್ಕೋಬಹುದು. ಮೂರು ಸಭೆ ಆಯ್ತು.

ಮೊದಲನೇ ಸಭೆಯಲ್ಲಿ ಸೊನ್ನೆ ಅನ್ನೋ ಅಂಕಿಗೆ ಯಾರ ಮುಖವೂ ಅರಳಲಿಲ್ಲ. ಕಾರಣ ಸರಳ. ಆ ಕೋಣೆಯಲ್ಲಿದ್ದ ಯಾರೂ ಸಾಫ್ಟ್‌ವೇರಿಗೆ ಅಂತ ಒಂದು ರೂಪಾಯಿ ಕೊಟ್ಟವರೇ ಅಲ್ಲ. ಪೇಟೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಐನೂರು ರೂಪಾಯಿ ಕೊಟ್ಟರೆ ಮಳೆಯಲ್ಲೂ ಬೈಕಲ್ಲಿ ಬಂದು ವಿಂಡೋಸ್, ಆಫೀಸ್, ಫೋಟೋಶಾಪ್, ಕನ್ನಡದ ಅಷ್ಟೂ ಫಾಂಟ್, ಮೇಲೊಂದು ಆಂಟಿವೈರಸ್, ಎಲ್ಲ ಹಾಕಿಕೊಟ್ಟು ಹೋಗ್ತಾನೆ. ಎಲ್ಲವೂ ಕ್ರ್ಯಾಕ್ ಆದದ್ದು. ಅವರ ಲೆಕ್ಕದಲ್ಲಿ ಕೊಟ್ಟ ಐನೂರು ಹುಡುಗನ ಕೂಲಿ ಮತ್ತು ಪೆಟ್ರೋಲು. ಸಾಫ್ಟ್‌ವೇರ್ ಅನ್ನೋದು ಗಾಳಿ ನೀರಿನ ಹಾಗೆ ಬಿಟ್ಟಿ ಸಿಗೋ ವಸ್ತು. ಇನ್ನೊಂದು ಬಿಟ್ಟಿ ವಸ್ತು ಇದೆ ಅಂತ ನಾನು ಹೋಗಿ ಹೇಳಿದರೆ ಯಾಕೆ ಕಿವಿ ನೆಟ್ಟಗಾಗಬೇಕು?

ಓಪನ್ ಸೋರ್ಸಿನ ಬಗ್ಗೆ ಮಾತಾಡೋವಾಗ ನಾವೆಲ್ಲ ಮೈಕ್ರೋಸಾಫ್ಟನ್ನು ಎದುರಾಳಿ ಅಂದ್ಕೋತೀವಿ. ನಮ್ಮೂರಲ್ಲಿ ಅದರ ಎದುರಾಳಿ ಆ ಐನೂರು ರೂಪಾಯಿ ಹುಡುಗ. ಅವನು ಕೆಟ್ಟವನೂ ಅಲ್ಲ. ಕರೆದರೆ ಬರ್ತಾನೆ, ಬೈದರೆ ಬೈಸ್ಕೋತಾನೆ. ಯಾವ ಬಹುರಾಷ್ಟ್ರೀಯ ಕಂಪನಿಯ ಕಾಲ್ ಸೆಂಟರಿಗೂ ಈ ಎರಡು ಗುಣ ಇಲ್ಲ.

ಎರಡನೇ ಸಭೆಯಲ್ಲಿ ಹಿರಿಯ ಡೈರೆಕ್ಟರ್ ಒಬ್ಬರು, ಎಂಬತ್ತರ ಹತ್ತಿರದ ಗೌಡ್ರು, ನಿಜವಾದ ಪ್ರಶ್ನೆ ಕೇಳಿದರು. "ಅಲ್ಲಮ್ಮ, ಇದು ಯಾರದ್ದು?"

ಯಾರದ್ದೂ ಅಲ್ಲ, ಎಲ್ಲರದ್ದು ಅಂದೆ. ಪ್ರಪಂಚದ ಸಾವಿರಾರು ಜನ ಸೇರಿ ಬರೀತಾರೆ, ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು.

"ಎಲ್ಲರದ್ದು ಅಂದ್ರೆ ಹಾಳಾದಾಗ ಯಾರ ಕುತ್ತಿಗೆ ಹಿಡಿಯೋದು?"

ಅಲ್ಲಿ ಎಲ್ಲರೂ ನಕ್ಕರು. ಗೌಡ್ರು ನಗಲಿಲ್ಲ. ಪೂಲಿನ ಕಾಲದ ಕತೆ ಹೇಳಿದರು. ನಮ್ಮ ವಯಸ್ಸಿನವರಿಗೆ ಪೂಲ್ ಅಂದ್ರೆ ರೆಸಾರ್ಟಲ್ಲಿ ಇರೋದು. ಅವರಿಗೆ ಪೂಲ್ ಅಂದ್ರೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಾಗಿದ್ದ ಪದ್ಧತಿ. ಸ್ವಂತ ತೋಟದ ಕಾಫಿಯನ್ನ ಸ್ವಂತ ಇಷ್ಟದಂತೆ ಮಾರೋ ಹಾಗಿರಲಿಲ್ಲ. ದುಡ್ಡು ಕಂತುಕಂತಾಗಿ ಬರ್ತಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಆಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತ ಆಯ್ತು. "ಫ್ರೀ ಆಯ್ತು ಅಂತ ಕುಣಿದಿದ್ದೂ ನಾವೇ" ಅಂದರು. "ಎರಡು ಮೂರು ವರ್ಷ ಒಳ್ಳೆ ರೇಟೂ ಸಿಕ್ತು. ಆಮೇಲೆ ಬಿತ್ತಲ್ಲ, ಎರಡು ಸಾವಿರದ ಇಸವಿ ಹೊತ್ತಿಗೆ, ಆಗ ಬಂದು ಕೇಳೋರು ಒಬ್ರೂ ಇರಲಿಲ್ಲ. ಫ್ರೀ ಅಂದ್ರೆ ನನಗೆ ಮೊದಲು ನೆನಪಾಗೋದು ಅದು."

ಓಪನ್ ಸೋರ್ಸ್ ಯಾಕೆ ಸಂಸ್ಥೆಗಳ ಬಾಗಿಲು ದಾಟಲ್ಲ ಅನ್ನೋದಕ್ಕೆ ನಾನು ಕೇಳಿದ ಅತ್ಯಂತ ಗಟ್ಟಿ ವಾದ ಇದು. ಯಾವ ಸಮ್ಮೇಳನದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿಲ್ಲ. ಸ್ವಾತಂತ್ರ್ಯದ ಜೊತೆಗೆ ಕಷ್ಟಕಾಲಕ್ಕೆ ಆಗೋರು ಯಾರು ಅನ್ನೋದೂ ಗೊತ್ತಿರಬೇಕು. ಇಲ್ಲದಿದ್ದರೆ ಜನ ಸ್ವಾತಂತ್ರ್ಯ ಬಿಟ್ಟು ಯಜಮಾನನನ್ನೇ ಆರಿಸ್ಕೋತಾರೆ.

ಇದೇ ಕಾಫಿಯ ಇನ್ನೊಂದು ಕತೆ ನಿಮಗೆ ಗೊತ್ತೇ ಇರತ್ತೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನೋ ಪ್ರತೀತಿ. ಬಚ್ಚಿಡೋ ಪ್ರಮೇಯ ಯಾಕೆ ಬಂತು? ಅರಬ್ಬರು ಮೊಳಕೆ ಬಾರದ ಹಾಗೆ ಬೇಯಿಸಿ ಅಥವಾ ಹುರಿದು ಮಾತ್ರ ಕಾಫಿಯನ್ನ ಹೊರಗೆ ಕಳಿಸುತ್ತಿದ್ದರು ಅಂತ ಹೇಳ್ತಾರೆ. ಕುಡೀಬಹುದು, ಬಿತ್ತೋಕಾಗಲ್ಲ. ನಾವು ದುಡ್ಡು ಕೊಟ್ಟು ತರೋ ಬಹುಪಾಲು ಸಾಫ್ಟ್‌ವೇರ್ ಹೀಗೇ ಹುರಿದ ಬೀಜ. ಓಪನ್ ಸೋರ್ಸ್ ಅಂದ್ರೆ ಹಸಿ ಬೀಜ, ಬೇಕಾದೋರು ತಗೊಂಡು ನೆಡಬಹುದು. ಸಭೆಯಲ್ಲಿ ನಾನು ಈ ಹೋಲಿಕೆ ಹೇಳಿದೆ. ತಲೆದೂಗಿದರು.

ಆದರೆ ಆ ಕತೆ ಅಲ್ಲಿಗೇ ನಿಲ್ಲಲ್ಲ. ಏಳು ಬೀಜದಿಂದ ಜಿಲ್ಲೆ ತುಂಬ ತೋಟ ಆಗಿಲ್ಲ. ದೊಡ್ಡ ಪ್ರಮಾಣದ ತೋಟಗಳು ಎದ್ದಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಎಲೆ ತುಕ್ಕು ರೋಗ, ಕಾಂಡಕೊರಕ ಬಂದು ಗಿಡಗಳು ಒಣಗುತ್ತಾ ಹೋದಾಗ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯ್ತು. ಇವತ್ತಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಅದೇ. ನಮ್ಮ ಅರೇಬಿಕಾ ತೋಟಗಳಲ್ಲಿ ಇವತ್ತಿಗೂ ಕಾಣೋ ಎಸ್. 795 ಅಲ್ಲಿಂದ ಬಂದ ತಳಿ. ತಳಿ ಮಾಡಿ ಇಟ್ಟರೆ ಸಾಲಲ್ಲ ಅಂತ ಕಾಫಿ ಬೋರ್ಡು ಊರೂರಿಗೆ ಲೈಸನ್ ಆಫೀಸರುಗಳನ್ನ ಇಟ್ಟಿತು. ಅವರು ತೋಟಕ್ಕೆ ಬಂದು ಮಣ್ಣು ನೋಡಿ, ನೆರಳು ನೋಡಿ, ಇಲ್ಲಿ ಇದನ್ನ ನೆಡಿ, ಇದನ್ನ ಕಿತ್ತು ಹಾಕಿ ಅಂತ ಹೇಳ್ತಿದ್ದರು.

ಲಿನಕ್ಸ್ ಅನ್ನೋ ಬೀಜ 1991ರಿಂದ ಬಿಟ್ಟಿ ಸಿಗ್ತಿದೆ. ಅದಕ್ಕೆ ಮೂಡಿಗೆರೆಯಲ್ಲಿ ಲೈಸನ್ ಆಫೀಸರ್ ಇಲ್ಲ. ಇರೋ ಎಲ್ಲ ಅಡ್ಡಿಗಳೂ ಕೊನೆಗೆ ಇಲ್ಲಿಗೇ ಬಂದು ಸೇರ್ತಾವೆ ಅಂತ ನನಗೆ ಅನ್ನಿಸತ್ತೆ.

ಕನ್ನಡದ ವಿಷಯವನ್ನೇ ನೋಡಿ. ಸಂಘದ ಠರಾವು ಪುಸ್ತಕ, ನೋಟಿಸು, ಸದಸ್ಯರಿಗೆ ಪತ್ರ ಎಲ್ಲ ಕನ್ನಡದಲ್ಲಿ. ಹನ್ನೆರಡು ವರ್ಷದ ಕಡತ ಹಳೇ ಆಸ್ಕಿ ಫಾಂಟಿನಲ್ಲಿದೆ. ನಮ್ಮ ನುಡಿ, ಬರಹ ಎರಡೂ ಬಂದ ಕಾಲದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆಗ ಬೇರೆ ದಾರಿ ಇರಲಿಲ್ಲ. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಅದು ಕನ್ನಡ. ಇಲ್ಲದಿದ್ದರೆ ಪರದೆ ತುಂಬ ಟೊಪ್ಪಿ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರ. ರಾಜ್ಯ ಸರ್ಕಾರ 2012ರಲ್ಲೇ ಯೂನಿಕೋಡನ್ನು ಶಿಷ್ಟತೆ ಅಂತ ಒಪ್ಪಿ ಆದೇಶ ಮಾಡಿತು. ಆದೇಶ ಆಗಿ ಇಷ್ಟು ವರ್ಷ ಆದ್ಮೇಲೂ ಆಸ್ಕಿಯಲ್ಲಿ ಟೈಪ್ ಮಾಡಿದ ಪತ್ರಗಳು ಕಚೇರಿಗಳಲ್ಲಿ ಓಡಾಡ್ತಾನೇ ಇವೆ.

ಇದೇ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು, ಬರೆದರು, ಜಗಳ ಆಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ 'ಕುವೆಂಪು' ಕನ್ನಡ ತಂತ್ರಾಂಶ ಬರೋ ಹಾಗೆ ಮಾಡಿದರು. ಮೀನು, ಹಕ್ಕಿ, ಕ್ಯಾಮೆರಾ ಅಂತಿದ್ದ ಮನುಷ್ಯನಿಗೆ ಕೀಬೋರ್ಡಿನ ಉಸಾಬರಿ ಯಾಕೆ ಅಂತ ಆಗ ಕೇಳಿದವರು ಇರಬಹುದು. ಸಂಘದ ಆಫೀಸಲ್ಲಿ ಹನ್ನೆರಡು ವರ್ಷದ ಕಡತ ಎದುರಿಗೆ ಇಟ್ಟುಕೊಂಡು ಕೂತರೆ ಯಾಕೆ ಅಂತ ಗೊತ್ತಾಗತ್ತೆ. 2007ರ ಏಪ್ರಿಲ್‌ನಲ್ಲಿ ಅವರು ಹೋದರು. ಅವರಷ್ಟು ಎತ್ತರದ ದನಿ ಆಮೇಲೆ ಈ ವಿಷಯಕ್ಕೆ ಸಿಗಲಿಲ್ಲ.

ಒಂದು ಒಳ್ಳೇ ಸುದ್ದಿಯೂ ಇತ್ತು. ನಮ್ಮ ಕ್ಲರ್ಕ್ ಹುಡುಗಿಯ ಬೆರಳು ನುಡಿಯ ಕೀಲಿಮಣೆಗೆ ಒಗ್ಗಿದೆ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಆ ಕಗಪ ಕೀಲಿಮಣೆ ಲಿನಕ್ಸಿನ ಒಳಗೇ ಇದೆ. ಬೇರೆ ಏನೂ ಹಾಕಬೇಕಿಲ್ಲ. ಸೆಟ್ಟಿಂಗ್ಸಲ್ಲಿ ಕನ್ನಡ ಅಂತ ಹುಡುಕಿದರೆ 'ಕಗಪ' ಅಂತ ಬರತ್ತೆ. ಅವಳು ಕೂತು ಸಂಘದ ಹೆಸರು ಟೈಪ್ ಮಾಡಿ, "ಹೌದಲ್ಲ ಅಕ್ಕ, ಅದೇ ಕೀ!" ಅಂದಳು. ಹಳೇ ಕಡತಗಳನ್ನ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳನ್ನೂ ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಅರ್ಕಾವೊತ್ತು ಅಲ್ಲಲ್ಲಿ ತಪ್ಪತ್ತೆ, ಕೈಯಲ್ಲಿ ತಿದ್ದಬೇಕು. ಆದರೆ ಈ ಎರಡೂ ಇವೆ ಅಂತ ಅವಳಿಗೆ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಹೇಳೋದು ಯಾರ ಕೆಲಸ? ಮತ್ತೆ ಅದೇ ಲೈಸನ್ ಆಫೀಸರ್.

ಎಲ್ಲ ಅಡ್ಡಿಯೂ ತಿಳಿವಳಿಕೆಯದ್ದಲ್ಲ. ಕೆಲವು ಕಡೆ ಗೋಡೆಯೇ ಇದೆ. ಸಂಘದ ಲೆಕ್ಕ ಇರೋದು ಟ್ಯಾಲಿಯಲ್ಲಿ, ಅದು ಓಡೋದು ವಿಂಡೋಸಲ್ಲಿ. ಆಡಿಟರಿಗೆ ಟ್ಯಾಲಿ ಡಾಟಾನೇ ಬೇಕು. ಅವರನ್ನ ಬದಲಾಯಿಸೋಕೆ ನಾವ್ಯಾರು? ಅವರ ಹತ್ತಿರ ಇಂಥ ಎಷ್ಟೋ ಕಕ್ಷಿಗಾರರಿದ್ದಾರೆ, ನಮ್ಮೊಬ್ಬರಿಗೋಸ್ಕರ ಬೇರೆ ಪದ್ಧತಿ ಇಟ್ಕೊಳ್ಳಿ ಅನ್ನೋದು ನ್ಯಾಯವೂ ಅಲ್ಲ. ಜಿಎಸ್‌ಟಿಯ ವಾರ್ಷಿಕ ರಿಟರ್ನಿನ ಆಫ್‌ಲೈನ್ ಟೂಲ್ ಎಕ್ಸೆಲ್ ಮ್ಯಾಕ್ರೋ ಮೇಲೆ ನಿಂತಿದೆ. ಅದನ್ನ ಲಿಬ್ರೆ ಆಫೀಸಲ್ಲಿ ತೆರೆದು ನೆಟ್ಟಗೆ ಕೆಲಸ ಮಾಡತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ವಿಚಿತ್ರ ಏನಂದ್ರೆ ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ನೀತಿ ಹೊರಡಿಸಿದೆ. ಸರ್ಕಾರಿ ಇಲಾಖೆಗಳು ಓಪನ್ ಸೋರ್ಸಿಗೆ ಆದ್ಯತೆ ಕೊಡಬೇಕು, ಟೆಂಡರಿನಲ್ಲಿ ಅದನ್ನ ಕೈಬಿಟ್ಟರೆ ಯಾಕೆ ಅಂತ ಕಾರಣ ಕೊಡಬೇಕು ಅನ್ನೋ ಅರ್ಥದ ನೀತಿ. ಇಲಾಖೆಗೆ ಹೇಳಿದ್ದು ಸರಿ. ಇಲಾಖೆಗೆ ಕಡತ ಸಲ್ಲಿಸೋ ಕೋಟ್ಯಂತರ ಸಣ್ಣ ಆಫೀಸುಗಳು ಯಾವ ಕಂಪ್ಯೂಟರ್ ಇಟ್ಕೋಬೇಕು ಅನ್ನೋದನ್ನ ಮಾತ್ರ ಆ ಇಲಾಖೆಯ ಫಾರಂಗಳೇ ತೀರ್ಮಾನ ಮಾಡ್ತಾವೆ.

ಊರಿನವರಿಗೆ ಗೊತ್ತಾಗಲ್ಲ, ಬೆಂಗಳೂರಿಗೆ ಗೊತ್ತು ಅಂತ ನೀವು ಅಂದ್ಕೊಂಡರೆ, ಸ್ವಲ್ಪ ತಡೀರಿ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ಸರ್ವರೆಲ್ಲ ಲಿನಕ್ಸು, ಡಾಟಾಬೇಸ್ ಪೋಸ್ಟ್‌ಗ್ರೆಸ್ಸು, ನಾವು ಬರೆಯೋ ಭಾಷೆ ಪೈಥಾನು. ಹೊಟ್ಟೆಪಾಡೇ ಓಪನ್ ಸೋರ್ಸು. ಅಲ್ಲೇ ಒಂದು ತಂಡ ದುಬಾರಿ ಲೈಸೆನ್ಸಿನ ಟೂಲ್ ಬಿಟ್ಟು ಅದೇ ಕೆಲಸದ ಓಪನ್ ಸೋರ್ಸ್ ಟೂಲ್ ಬಳಸ್ತೀವಿ ಅಂದಾಗ ಆರು ತಿಂಗಳು ಮೇಲ್ ಓಡಾಡಿತು. ಲೀಗಲ್‌ನವರು ಜಿಪಿಎಲ್ ಅನ್ನೋ ಮೂರಕ್ಷರ ಕಂಡು ಹೆದರಿದರು. ಪ್ರೊಕ್ಯೂರ್‌ಮೆಂಟಿನವರು ವೆಂಡರ್ ಯಾರು, ಇನ್‌ವಾಯ್ಸ್ ಎಲ್ಲಿ ಅಂದರು. ವೆಂಡರ್ ಇಲ್ಲ ಅಂದ್ರೆ ಫಾರಂ ಮುಂದಕ್ಕೇ ಹೋಗಲ್ಲ, ಆ ಜಾಗ ಕಡ್ಡಾಯ. ಸೆಕ್ಯೂರಿಟಿಯವರು ಕೇಳಿದ್ದು, ತೊಂದರೆ ಆದ್ರೆ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡೋದು? ಭಾಷೆ ಇಂಗ್ಲಿಷು, ಕೋಣೆ ಏಸಿ. ಪ್ರಶ್ನೆ ಮಾತ್ರ ಗೌಡ್ರದ್ದೇ, ಯಾರ ಕುತ್ತಿಗೆ?

ಈ ಭಯ ಸುಳ್ಳೂ ಅಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ತೂತು ಬಯಲಾದಾಗ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನಿದ್ದೆಗೆಟ್ಟವು. ಅದನ್ನ ನೋಡಿಕೊಳ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. 2024ರಲ್ಲಿ ಎಕ್ಸ್‌ಜೆಡ್ ಅನ್ನೋ ಪುಟ್ಟ ಸಾಧನದೊಳಗೆ ಹಿಂಬಾಗಿಲು ಸೇರಿಸಿದ್ದು ಸಿಕ್ಕಿಬಿತ್ತು. ಅದನ್ನು ವರ್ಷಗಟ್ಟಲೆ ಹೊತ್ತಿದ್ದವನು ಒಬ್ಬನೇ, ಸುಸ್ತಾಗಿದ್ದ. ಕೋಡು ತೆರೆದಿದ್ದರಿಂದಲೇ ಒಬ್ಬ ಎಂಜಿನಿಯರ್ ಅದನ್ನ ಹಿಡಿದ ಅನ್ನೋದೂ ನಿಜ, ಹೊತ್ತವನಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ ಅನ್ನೋದೂ ನಿಜ. ಬಿಟ್ಟಿ ಸಿಗೋ ಬೀಜದ ಹಿಂದೆ ಯಾರೋ ನೀರು ಹೊತ್ತಿರ್ತಾರೆ.

ದೊಡ್ಡವರು ಮಾಡಿ ನೋಡಿದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ವಿಂಡೋಸ್ ಬಿಡೋ ತೀರ್ಮಾನ ಮಾಡಿ, ಹತ್ತು ವರ್ಷದಲ್ಲಿ ಸುಮಾರು 15,000 ಕಂಪ್ಯೂಟರನ್ನ ಲಿನಕ್ಸಿಗೆ ತಂದಿತ್ತು. 2017ರಲ್ಲಿ ನಗರಸಭೆ ವಾಪಸ್ ವಿಂಡೋಸಿಗೆ ಹೋಗೋಕೆ ಮತ ಹಾಕಿತು. ಆಳೋರು ಬದಲಾಗಿದ್ದರು, ಹೊರಗಿನವರ ಕಡತಗಳ ಜೊತೆ ಹೊಂದಾಣಿಕೆಯ ದೂರುಗಳೂ ಇದ್ದವು. ಒಳ್ಳೇ ಇಚ್ಛೆ ಒಂದೇ ಇದ್ದರೆ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಇದೊಂದು ಅಳತೆ.

ಮೂರನೇ ಸಭೆಗೆ ಮೊದಲು ನಾನು ಆ ಕ್ಲರ್ಕ್ ಹುಡುಗಿ ಜೊತೆ ಒಂದು ಮಧ್ಯಾಹ್ನ ಕೂತೆ. ಎರಡು ಸಭೆಯಲ್ಲೂ ಅವಳು ಕಾಫಿ ಕೊಟ್ಟಿದ್ದಳು, ಮಿನಿಟ್ಸ್ ಬರೆದಿದ್ದಳು. ಅವಳ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಐದು ಕಂಪ್ಯೂಟರಿನಲ್ಲಿ ನಿಜವಾಗಿ ಕೆಲಸ ಮಾಡೋದು ಅವಳೊಬ್ಬಳೇ.

ಅವಳು ಹೇಳಿದ ಕತೆ ಅಪ್ಪ ನನಗೆ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಕ್ರ್ಯಾಕ್ ಆದ ಸಾಫ್ಟ್‌ವೇರ್ ಜೊತೆ ವೈರಸ್ಸೂ ಬಂದು ಕಡತಗಳೆಲ್ಲ ಲಾಕ್ ಆಗಿದ್ದವಂತೆ. ಪರದೆ ಮೇಲೆ ದುಡ್ಡು ಕೇಳೋ ಇಂಗ್ಲಿಷ್ ನೋಟಿಸು. ಒಂದು ಸೀಸನ್ನಿನ ಸದಸ್ಯರ ಖಾತೆ ಪೂರ್ತಿ ಹೋಯ್ತು. ಅವಳು ಮಳೆಗಾಲದ ಎರಡು ತಿಂಗಳು ಕೂತು, ಕರೆಂಟ್ ಇದ್ದ ಹೊತ್ತಲ್ಲಿ, ಕಾಗದದ ಬಿಲ್ಲುಗಳಿಂದ ಒಂದೊಂದೇ ಎಂಟ್ರಿ ವಾಪಸ್ ಹಾಕಿದಳು. ಕೆಲವು ಬಿಲ್ಲಿಗೆ ಬೂಸ್ಟು ಹಿಡಿದಿತ್ತು. ಮೂರು ಜನ ಸದಸ್ಯರು ತಮ್ಮ ಬಾಕಿ ಅಷ್ಟಿಲ್ಲ ಅಂತ ಜಗಳ ತೆಗೆದರು. "ಕಂಪ್ಯೂಟರ್ ನಿನ್ನ ಕೈಲಿತ್ತಲ್ಲ" ಅಂತ ಬೈಸಿಕೊಂಡಿದ್ದು ಅವಳು. ಕ್ರ್ಯಾಕ್ ಹಾಕಿದ ಹುಡುಗನಲ್ಲ, ದುಡ್ಡು ಉಳಿಸಿದ ಡೈರೆಕ್ಟರುಗಳೂ ಅಲ್ಲ.

ಯಾರ ಕುತ್ತಿಗೆ ಹಿಡಿಯೋದು ಅನ್ನೋ ಪ್ರಶ್ನೆಗೆ ಉತ್ತರ ಆ ಆಫೀಸಲ್ಲಿ ಮೊದಲಿಂದಲೂ ಇತ್ತು. ಎಲ್ಲರಿಗಿಂತ ಕಮ್ಮಿ ಸಂಬಳದವರ ಕುತ್ತಿಗೆ.

"ನಂಗೆ ಲಿನಕ್ಸ್ ಕಲಿಯೋಕೆ ಕಷ್ಟ ಇಲ್ಲಕ್ಕ" ಅಂದಳು. "ಎರಡೇ ವಿಷಯ. ಒಂದು, ಹೊಸದರಲ್ಲಿ ಏನಾದ್ರೂ ಹೋದ್ರೆ ನನ್ನ ಮೇಲೆ ಹಾಕಬಾರದು ಅಂತ ಮಿನಿಟ್ಸಲ್ಲಿ ಬರೀಬೇಕು. ಇನ್ನೊಂದು, ನಾಳೆ ನಾನು ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಕೆಲಸ ಕೇಳೋಕೆ ಹೋದ್ರೆ ಅಲ್ಲಿ ಟ್ಯಾಲಿ, ಎಕ್ಸೆಲ್ ಬರತ್ತಾ ಅಂತ ಕೇಳ್ತಾರೆ. ಲಿಬ್ರೆ ಅಂದ್ರೆ ಅದೆಂಥದು ಅಂತಾರೆ."

ಎರಡನೆಯದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಉತ್ತರ ಕುದುರೆಮುಖದ ಘಾಟಿ ಇಳಿದು, ಮಂಗಳೂರು ದಾಟಿ, ಕಾಸರಗೋಡಿನಲ್ಲಿದೆ. ಕೇರಳದ 'ಐಟಿ ಅಟ್ ಸ್ಕೂಲ್' ಯೋಜನೆ 2000ದ ದಶಕದಲ್ಲೇ ಸರ್ಕಾರಿ ಶಾಲೆಗಳನ್ನ ಲಿನಕ್ಸಿಗೆ ತಂದಿತು. ಇವತ್ತು ಅದು 'ಕೈಟ್' ಅನ್ನೋ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ, ಲ್ಯಾಬಲ್ಲಿ ಇರೋದು ಲಿನಕ್ಸು. ಅಲ್ಲಿನ ಹುಡುಗಿಗೆ ಲಿಬ್ರೆ ಆಫೀಸ್ ಅಂದ್ರೆ ಅದೆಂಥದು ಅಂತ ಯಾರೂ ಕೇಳಲ್ಲ, ಹೈಸ್ಕೂಲಲ್ಲೇ ನೋಡಿರ್ತಾಳೆ. ಅವರು ಸಾಫ್ಟ್‌ವೇರ್ ಹಂಚಿ ಸುಮ್ಮನಾಗಲಿಲ್ಲ, ಮೇಷ್ಟ್ರುಗಳನ್ನ ತಯಾರು ಮಾಡಿದರು. ಪ್ರತಿ ಶಾಲೆಯಲ್ಲೂ ಕಂಪ್ಯೂಟರ್ ಕೆಟ್ಟರೆ ಮೊದಲು ನೋಡೋಕೆ ಒಬ್ಬ ಟೀಚರ್ ಇರೋ ಹಾಗೆ ಮಾಡಿದರು. ಅವರು ಲೈಸನ್ ಆಫೀಸರನ್ನೇ ಬೆಳೆಸಿದರು ಅನ್ನಿ. ನಮ್ಮ ರಾಜ್ಯದಲ್ಲೂ ಹೈಸ್ಕೂಲ್ ಮೇಷ್ಟ್ರುಗಳಿಗೆ ಇಂಥದ್ದೇ ತರಬೇತಿ ನಡೆದಿದೆ, ಓಪನ್ ಸೋರ್ಸ್ ಮೇಲೆ ಒಳ್ಳೇ ಕಲಿಕಾ ಸಾಮಗ್ರಿ ಬಂದಿದೆ. ಆದರೆ ಪೇಟೆಯ ಕಂಪ್ಯೂಟರ್ ಕ್ಲಾಸಿನ ಬೋರ್ಡಿನ ಮೇಲೆ ಇವತ್ತಿಗೂ ಇರೋದು ಟ್ಯಾಲಿ, ವರ್ಡು, ಎಕ್ಸೆಲ್ಲು. ಕೆಲಸ ಕೊಡೋರು ಕೇಳೋದೂ ಅದನ್ನೇ.

ಮೂರನೇ ಸಭೆಯಲ್ಲಿ ನಾನು ಬಾಬಾ ಬುಡನ್ ಕತೆ ಎತ್ತಲಿಲ್ಲ. ಅವಳ ಎರಡು ಮಾತನ್ನೇ ಮುಂದಿಟ್ಟೆ. ವೈರಸ್ಸಿನ ಪ್ರಸಂಗ ಬಂದಾಗ ಅಪ್ಪ ತಲೆ ತಗ್ಗಿಸಿ ಚಹಾದ ಲೋಟ ನೋಡ್ತಾ ಕೂತಿದ್ದರು. ಅವತ್ತು ಬೈದವರಲ್ಲಿ ಅವರೂ ಒಬ್ಬರು ಅಂತ ನನಗೆ ಆಮೇಲೆ ಗೊತ್ತಾಯ್ತು. ಅಲ್ಲಿಂದ ಮುಂದೆ ಮಾತು ಬೇಗ ಮುಗೀತು. ಗೌಡ್ರೇ ಠರಾವು ಹೇಳಿ ಬರೆಸಿದರು.

ಆದದ್ದು ಇಷ್ಟು. ಒಂದು ಹೊಸ ಕಂಪ್ಯೂಟರ್ ಕೊಂಡರು. ಅದಕ್ಕೆ ಅಸಲಿ ವಿಂಡೋಸ್, ಅಸಲಿ ಎಕ್ಸೆಲ್, ಅಸಲಿ ಟ್ಯಾಲಿ. ರಿಟರ್ನು, ಆಡಿಟ್ಟು ಎಲ್ಲ ಅದರಲ್ಲೇ, ಅವಳ ಎಕ್ಸೆಲ್ ಅಭ್ಯಾಸವೂ ತಪ್ಪಲ್ಲ. ಉಳಿದವುಗಳಲ್ಲಿ ಮೂರಕ್ಕೆ ಲಿನಕ್ಸ್ ಹಾಕಿದ್ದಾಯ್ತು. ಬಿಲ್ಲಿಂಗ್ ಪಟ್ಟಿ, ನೋಟಿಸು, ಪತ್ರ, ಠರಾವು ಎಲ್ಲ ಅವುಗಳಲ್ಲಿ, ಕನ್ನಡ ಯೂನಿಕೋಡಲ್ಲಿ. ಇನ್ನೆರಡನ್ನ ಬಿಚ್ಚಿ ಬಿಡಿಭಾಗಕ್ಕೆ ಇಟ್ಟರು. ಪ್ರತಿ ಶನಿವಾರ ಎಲ್ಲದರ ನಕಲು ಎರಡು ಹಾರ್ಡ್‌ಡಿಸ್ಕಿಗೆ, ಒಂದು ಆಫೀಸಲ್ಲಿ, ಒಂದು ಡೈರೆಕ್ಟರ ಮನೆಯಲ್ಲಿ. ಸಾಫ್ಟ್‌ವೇರಿನಿಂದ ಆಗೋ ನಷ್ಟಕ್ಕೆ ಸಿಬ್ಬಂದಿ ಹೊಣೆ ಅಲ್ಲ, ಸಮಿತಿ ಹೊಣೆ ಅಂತ ಮಿನಿಟ್ಸಲ್ಲಿ ಬರೆದಿದೆ, ಅವಳದೇ ಅಕ್ಷರದಲ್ಲಿ.

ಐನೂರು ರೂಪಾಯಿ ಹುಡುಗನನ್ನೂ ಕರೆಸಿದರು. ಒಂದು ಭಾನುವಾರ ಅವನಿಗೆ ಲಿನಕ್ಸ್ ಹಾಕೋದು, ಪ್ರಿಂಟರ್ ಕೂರಿಸೋದು, ಅಪ್‌ಡೇಟ್ ಮಾಡೋದು ತೋರಿಸಿದೆ. ನನಗಿಂತ ಬೇಗ ಪ್ರಿಂಟರ್ ಕೂರಿಸಿದ. ಸಂಘ ಈಗ ಅವನಿಗೆ ವರ್ಷಕ್ಕಿಷ್ಟು ಅಂತ ಬಿಲ್ ತಗೊಂಡು ದುಡ್ಡು ಕೊಡತ್ತೆ. ಲೆಕ್ಕ ಹಾಕಿದರೆ ಓಪನ್ ಸೋರ್ಸಿಗೆ ಸೊನ್ನೆ ಖರ್ಚು ಅನ್ನೋ ನನ್ನ ಅಂಕಿ ಹೋಗಿ ಅಲ್ಲೊಂದು ಪುಟ್ಟ ಮೊತ್ತ ಬಂತು. ಗೌಡ್ರಿಗೆ ಅದರಿಂದಲೇ ಸಮಾಧಾನ. ಬಿಲ್ ಇದೆ, ಫೋನ್ ನಂಬರ್ ಇದೆ, ಕರೆದರೆ ಬರೋ ಮನುಷ್ಯ ಇದ್ದಾನೆ.

ಇದು ಕ್ರಾಂತಿ ಏನಲ್ಲ. ಮುಂದಿನ ಕಮಿಟಿ ಬಂದು ಇದನ್ನೆಲ್ಲ ಕಿತ್ತು ಹಾಕಬಹುದು, ಮ್ಯೂನಿಕ್ಕೇ ಉಳಿಸ್ಕೊಳ್ಳಲಿಲ್ಲ. ಆದರೆ ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ನನ್ನ ಹಾಗೇ ದಿನವಿಡೀ ಓಪನ್ ಸೋರ್ಸಿನಲ್ಲಿ ಅನ್ನ ದುಡಿಯೋರು. ನಿಮ್ಮೂರಿನ ಸೊಸೈಟಿಗೋ, ಶಾಲೆಗೋ, ಲೈಬ್ರರಿಗೋ ಲಿನಕ್ಸ್ ಹಾಕಿಕೊಡೋ ಉತ್ಸಾಹ ಬಂದರೆ ಪೆನ್ ಡ್ರೈವ್ ಕೈಗೆತ್ತಿಕೊಳ್ಳೋ ಮೊದಲು ಎರಡು ಕೆಲಸ ಮಾಡಿ. ಆ ಕಂಪ್ಯೂಟರ್ ಮುಂದೆ ಕೂರೋರು ಯಾರು ಅಂತ ಹುಡುಕಿ, ಏನಾದ್ರೂ ಆದ್ರೆ ಬೈಸಿಕೊಳ್ಳೋದು ಯಾರು ಅಂತ ಅವರನ್ನೇ ಕೇಳಿ. ಆಮೇಲೆ ನೀವು ಬೆಂಗಳೂರಿಗೆ ಹೊರಟ ಮೇಲೆ ಅಲ್ಲೇ ಇರೋರು ಒಬ್ಬರಿಗೆ ಆ ಕೆಲಸ ಕಲಿಸಿ, ಅವರಿಗೆ ಸಂಬಳವೋ ಬಿಲ್ಲೋ ಸಿಗೋ ಹಾಗೆ ಮಾಡಿಸಿ. ಇವೆರಡೂ ಆಗದಿದ್ದರೆ ಹಾಕೋದು ಬೇಡ. ಎರಡೂ ಆದರೆ, ಸಾಫ್ಟ್‌ವೇರ್ ಹಾಕೋಕೆ ಒಂದು ಮಧ್ಯಾಹ್ನ ಸಾಕು.